ಡಿಸ್ಲೆಕ್ಸಿಯಾ ಮತ್ತು ಶಿಕ್ಷಕರ ತರಬೇತಿ: ಓದುಗರ ಪ್ರಶ್ನೆಗಳು, ಉತ್ತರಗಳು

ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದು ಬರಹ ಕಲಿಸಲು ಶಿಕ್ಷಕರನ್ನು ಸಜ್ಜುಗೊಳಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ತಿಂಗಳ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಮಕ್ಕಳ ಗುರುತು ಹೊರಬೀಳಬಾರದೆಂದು ಪತ್ರ ಬರೆದವರ ಹೆಸರು ಮತ್ತು ಊರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕಿ. ಒಂದರಿಂದ ಐದನೇ ತರಗತಿಯವರೆಗಿನ ಶಿಕ್ಷಕರಿಗೆ ಡಿಸ್ಲೆಕ್ಸಿಯಾ ಕುರಿತು ಎರಡು ದಿನಗಳ ತರಬೇತಿಯನ್ನು ರೂಪಿಸುವ ಹೊಣೆ ನನಗೆ ಬಂದಿದೆ. ಹಿಂದೊಮ್ಮೆ ಇಂಥದೇ ತರಬೇತಿ ನಡೆದಾಗ ತಜ್ಞರ ಉಪನ್ಯಾಸವನ್ನು ಎಲ್ಲರೂ ಮೆಚ್ಚಿದರು, ಆದರೆ ತರಗತಿಯಲ್ಲಿ ಏನೂ ಬದಲಾಗಲಿಲ್ಲ. ಈ ಬಾರಿ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು?

ಉತ್ತರ: ಬಿಡಬೇಕಾದ್ದನ್ನೇ ಮೊದಲು ಹೇಳುತ್ತೇನೆ. ವ್ಯಾಖ್ಯೆಗಳ ಸಾಲು, ಮಿದುಳಿನ ಚಿತ್ರಗಳು, ಈ ತೊಂದರೆಯಿದ್ದೂ ಲೋಕಪ್ರಸಿದ್ಧರಾದವರ ಪಟ್ಟಿ, ಇವೆಲ್ಲ ಸೇರಿ ಅರ್ಧ ಗಂಟೆಯನ್ನು ಮೀರಬಾರದು. ಆ ಅರ್ಧ ಗಂಟೆಯಲ್ಲಿ ಶಿಕ್ಷಕರ ಮನಸ್ಸಿನಲ್ಲಿ ಉಳಿಯಬೇಕಾದದ್ದು ಇಷ್ಟೇ: ಡಿಸ್ಲೆಕ್ಸಿಯಾ ಎಂಬುದು ಅಕ್ಷರವನ್ನು ಧ್ವನಿಗೆ, ಧ್ವನಿಯನ್ನು ಅಕ್ಷರಕ್ಕೆ ಬೇಗನೆ ಮತ್ತು ತಪ್ಪಿಲ್ಲದೆ ಜೋಡಿಸುವಲ್ಲಿನ ಜನ್ಮಜಾತ ತೊಡಕು, ಅದು ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ, ಬುದ್ಧಿವಂತ ಮಕ್ಕಳಲ್ಲೂ ಅದು ಇರುತ್ತದೆ, ಸೋಮಾರಿತನವಾಗಲಿ ಮನೆಯವರ ಅಲಕ್ಷ್ಯವಾಗಲಿ ಅದಕ್ಕೆ ಕಾರಣವಲ್ಲ. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇರಬಹುದೆಂಬ ಅಂದಾಜು ಬಳಕೆಯಲ್ಲಿದೆ. ಹಾಗಾಗಿ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರೋ ಮೂವರೋ ಇರುತ್ತಾರೆಂದು ಭಾವಿಸಿಯೇ ಶಿಕ್ಷಕರು ಪಾಠಕ್ಕೆ ಸಿದ್ಧರಾಗಬೇಕು.

ಉಳಿದ ಸಮಯವೆಲ್ಲ ಕನ್ನಡದ ಓದಿಗೆ ಸಲ್ಲಬೇಕು. ನಮ್ಮಲ್ಲಿ ಓಡಾಡುವ ತರಬೇತಿ ಸಾಮಗ್ರಿಯ ದೊಡ್ಡ ಕೊರತೆ ಇದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ: ಅದರ ಬಹುಪಾಲು ಇಂಗ್ಲಿಷ್ ಕಲಿಯುವ ಮಕ್ಕಳನ್ನು ನೋಡಿ ಬರೆದದ್ದು. ಮಗು ‘ಬಿ’ ಮತ್ತು ‘ಡಿ’ ಅಕ್ಷರಗಳನ್ನು ತಿರುವುಮುರುವಾಗಿ ಬರೆಯುತ್ತದೆಯೇ ನೋಡಿ ಎಂದು ಕನ್ನಡ ಶಾಲೆಯ ಶಿಕ್ಷಕಿಗೆ ಹೇಳಿಕೊಟ್ಟರೆ, ತನ್ನ ತರಗತಿಯ ಹುಡುಗ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುವುದನ್ನು ಆಕೆ ಡಿಸ್ಲೆಕ್ಸಿಯಾದೊಂದಿಗೆ ಜೋಡಿಸಿಕೊಳ್ಳುವುದಾದರೂ ಹೇಗೆ? ಆದ್ದರಿಂದ ಶಿಕ್ಷಕರು ಮೊದಲ ದಿನವೇ ಕನ್ನಡ ಮಕ್ಕಳ ಓದನ್ನು ಕಿವಿಯಿಂದ ಕೇಳಬೇಕು. ಪೋಷಕರ ಒಪ್ಪಿಗೆ ಪಡೆದು, ಹೆಸರು ತಿಳಿಯದಂತೆ, ಮೂರನೇ ತರಗತಿಯ ಕೆಲವು ಮಕ್ಕಳು ಪಠ್ಯಪುಸ್ತಕದ ಒಂದೇ ಪುಟವನ್ನು ಓದುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಶಿಕ್ಷಕರ ಕೈಯಲ್ಲಿ ಅದೇ ಪುಟದ ಪ್ರತಿ ಇರಲಿ. ಮಗು ಎಲ್ಲಿ ನಿಂತಿತು, ಯಾವ ಅಕ್ಷರವನ್ನು ಬಿಟ್ಟಿತು, ಯಾವ ಪದವನ್ನು ಊಹಿಸಿತು ಎಂದು ಅವರು ಗುರುತು ಹಾಕಲಿ; ಬಳಿಕ ಮಕ್ಕಳ ಉಕ್ತಲೇಖನದ ಹಾಳೆಗಳನ್ನೂ ಹೀಗೆಯೇ ನೋಡಲಿ. ಬೆಳಗಿನ ಅವಧಿಯೆಲ್ಲ ಇದಕ್ಕೇ ಹೋದರೂ ಚಿಂತೆಯಿಲ್ಲ.

ಮಗುವಿನ ಶ್ರಮ ಎಂಥದೆಂದು ಶಿಕ್ಷಕರು ಸ್ವತಃ ಅನುಭವಿಸಲು ಹಳೆಯ ಶಾಸನಗಳ ಅಕ್ಷರಗಳನ್ನು ಬಳಸಿ. ಇಂದಿನ ಸರಳ ಕನ್ನಡದ ನಾಲ್ಕು ಸಾಲುಗಳನ್ನು ಶಾಸನ ಲಿಪಿಯಲ್ಲಿ ಬರೆದು, ಜೊತೆಗೆ ಅಕ್ಷರಗಳ ಪಟ್ಟಿಯನ್ನೂ ಕೊಟ್ಟು, ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಭಾಷೆ ತಮ್ಮದೇ, ಪದಗಳೆಲ್ಲ ತಿಳಿದವೇ, ಆದರೂ ಒಂದು ಸಾಲು ಮುಗಿಯುವುದರೊಳಗೆ ಅದರ ಆರಂಭದಲ್ಲಿ ಏನಿತ್ತೆಂಬುದು ಮರೆತುಹೋಗುತ್ತದೆ. ಓದು ನಿಧಾನವಾದಾಗ ಅರ್ಥ ಏಕೆ ಜಾರುತ್ತದೆಂಬುದನ್ನು ಉಪನ್ಯಾಸಕ್ಕಿಂತ ಚೆನ್ನಾಗಿ ಈ ಚಟುವಟಿಕೆ ತಿಳಿಸುತ್ತದೆ. ಆದರೆ ಅನುಕಂಪಕ್ಕೆ ನಿಲ್ಲಿಸಬೇಡಿ. ಆ ಹೊತ್ತಿನಲ್ಲಿ ತಮಗೆ ಯಾವ ನೆರವು ಬೇಕೆನಿಸಿತು ಎಂದು ಶಿಕ್ಷಕರಿಂದಲೇ ಹೇಳಿಸಿ. ಸಮಯ, ಮೊದಲೇ ಒಬ್ಬರು ಓದಿ ಕೇಳಿಸುವುದು, ನಗದ ಸಹಪಾಠಿಗಳು ಎಂದು ಅವರೇ ಹೇಳುವ ಮಾತುಗಳು ಮಧ್ಯಾಹ್ನದ ಪಾಠಕ್ಕೆ ಆಧಾರವಾಗುತ್ತವೆ.

ಎರಡು ದಿನಗಳನ್ನು ಬೆನ್ನುಬೆನ್ನಿಗೆ ಇಡಬೇಡಿ. ಒಂದು ಪೂರ್ತಿ ದಿನ, ಆಮೇಲೆ ಆರೇಳು ವಾರಗಳ ಅಂತರದಲ್ಲಿ ಎರಡು ಅರ್ಧ ದಿನಗಳು ಎಂದು ಒಡೆಯಲು ಅನುಮತಿ ಕೇಳಿ. ನಡುವಿನ ಅವಧಿಯಲ್ಲಿ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಒಂದು ಮಗುವನ್ನು ಆರಿಸಿಕೊಂಡು, ಕಲಿತ ಒಂದೇ ಒಂದು ವಿಧಾನವನ್ನು ಪ್ರಯೋಗಿಸಿ, ಮುಂದಿನ ಬಾರಿ ಆ ಮಗುವಿನ ಓದಿನ ಧ್ವನಿಮುದ್ರಣದೊಂದಿಗೆ ಬರಬೇಕು. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ವಾದಿಸುತ್ತ ಬಂದದ್ದೂ ಇದನ್ನೇ: ಸಿದ್ಧಾಂತ ಕೇಳುವುದರಿಂದ ತಿಳಿವಳಿಕೆ ಹೆಚ್ಚುತ್ತದೆ, ಆದರೆ ಶಾಲೆಯಲ್ಲಿ ಪಕ್ಕದಲ್ಲಿ ನಿಂತು ತಿದ್ದುವವರು ಇಲ್ಲದಿದ್ದರೆ ಹೊಸ ವಿಧಾನ ತರಗತಿಯನ್ನು ಮುಟ್ಟುವುದು ಬಹಳ ಕಡಿಮೆ. ನಮ್ಮಲ್ಲಿ ಆ ಕೆಲಸಕ್ಕೆ ಹೊಸ ಹುದ್ದೆ ಬೇಕಿಲ್ಲ. ಸಿಆರ್‌ಪಿಗಳು (ಸಮೂಹ ಸಂಪನ್ಮೂಲ ವ್ಯಕ್ತಿಗಳು) ಶಾಲೆಗಳಿಗೆ ಹೋಗುತ್ತಲೇ ಇರುತ್ತಾರೆ, ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಸಮಾಲೋಚನಾ ಸಭೆಗಳೂ ನಡೆಯುತ್ತವೆ. ಶಿಕ್ಷಕರಿಗಿಂತ ಮೊದಲು ಸಿಆರ್‌ಪಿಗಳನ್ನು ಚೆನ್ನಾಗಿ ತರಬೇತುಗೊಳಿಸಿ, ಸಭೆಯ ಅರ್ಧ ಗಂಟೆಯನ್ನು ಈ ಧ್ವನಿಮುದ್ರಣಗಳಿಗೆ ಮೀಸಲಿಟ್ಟರೆ ಸಾಕು. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿರುವುದರಿಂದ, ಈ ಗಂಟೆಗಳನ್ನೂ ಆ ಲೆಕ್ಕಕ್ಕೆ ಸೇರಿಸುವಂತೆ ಕೇಳಲು ನಿಮಗೆ ಆಧಾರವಿದೆ.

ಕೊನೆಯದಾಗಿ, ತರಬೇತಿ ಕೊಡುವವರ ವಿಷಯ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ವಿಷಯ ಸೋರಿಹೋಗಿ ಪರದೆಯ ಮೇಲಿನ ಬಿಡಿ ವಾಕ್ಯಗಳು ಮಾತ್ರ ಉಳಿಯುತ್ತವೆ. ಓದಲು ಕಷ್ಟಪಡುವ ಒಂದು ಮಗುವಿಗಾದರೂ ತಿಂಗಳುಗಟ್ಟಲೆ ಕಲಿಸಿದ ಅನುಭವ ಇಲ್ಲದವರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಯಬೇಡಿ.

ಪ್ರಶ್ನೆ: ನಾನು ಮೂರನೇ ತರಗತಿಯ ಶಿಕ್ಷಕಿ. ನನ್ನ ತರಗತಿಯ ಒಬ್ಬ ಹುಡುಗ ಬಾಯಿಲೆಕ್ಕದಲ್ಲಿ ಮುಂದು, ಕಥೆ ಕೇಳಿದರೆ ಚಾಚೂ ತಪ್ಪದೆ ಹೇಳುತ್ತಾನೆ, ಬೋರ್ಡಿನ ಮೇಲಿದ್ದುದನ್ನು ನೋಡಿ ಅಂದವಾಗಿ ಬರೆಯುತ್ತಾನೆ. ಆದರೆ ಪುಸ್ತಕ ಕೊಟ್ಟರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆ, ಒತ್ತಕ್ಷರ ಬಂದರೆ ಸುಮ್ಮನಾಗುತ್ತಾನೆ. ಇದು ಡಿಸ್ಲೆಕ್ಸಿಯಾವೇ? ಇದನ್ನು ಗುರುತಿಸಲು ನಮಗೆ ತರಬೇತಿಯಲ್ಲಿ ಏನನ್ನು ಕಲಿಸಬೇಕಿತ್ತು?

ಉತ್ತರ: ನೀವು ಬರೆದಿರುವ ಲಕ್ಷಣಗಳು ಗಮನ ಕೊಡಲೇಬೇಕಾದಂಥವು, ಆದರೆ ಪತ್ರದ ಮೇಲಿಂದ ಯಾರೂ ನಿರ್ಣಯ ಹೇಳಲಾಗದು, ನಿರ್ಣಯ ಹೇಳುವ ಕೆಲಸ ನಿಮ್ಮದೂ ಅಲ್ಲ. ತರಬೇತಿ ನಿಮಗೆ ಕಲಿಸಬೇಕಾದದ್ದು ಗಮನಿಸುವುದನ್ನು, ಬರೆದಿಡುವುದನ್ನು ಮತ್ತು ಪ್ರಮಾಣಪತ್ರಕ್ಕೆ ಕಾಯದೆ ಬೇರೆ ರೀತಿಯಲ್ಲಿ ಕಲಿಸಲು ತೊಡಗುವುದನ್ನು.

ಕನ್ನಡ ಲಿಪಿ ಬರೆದಂತೆ ಓದುವ ಲಿಪಿಯಾದ್ದರಿಂದ ನಮ್ಮಲ್ಲಿ ಈ ತೊಂದರೆ ಇರಲಾರದು ಎಂಬ ಮಾತನ್ನು ಶಿಕ್ಷಕರಿಂದಲೂ ಕೇಳುತ್ತೇವೆ. ಅದು ಸರಿಯಲ್ಲ. ಇಂಗ್ಲಿಷಿನಷ್ಟು ಗೊಂದಲ ಇಲ್ಲದ ಕಾರಣ ಡಿಸ್ಲೆಕ್ಸಿಯಾ ಇರುವ ಮಗು ಕಾಲಕ್ರಮದಲ್ಲಿ ಕನ್ನಡವನ್ನು ಬಹುಮಟ್ಟಿಗೆ ಸರಿಯಾಗಿಯೇ ಓದಲು ಕಲಿಯಬಹುದು, ಆದರೆ ಬಹಳ ನಿಧಾನವಾಗಿ ಓದುತ್ತದೆ. ತಪ್ಪುಗಳನ್ನು ಮಾತ್ರ ಎಣಿಸುವ ಶಿಕ್ಷಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅಲ್ಲದೆ ನಮ್ಮ ಮಕ್ಕಳು ಕಲಿಯಬೇಕಾದ ಚಿಹ್ನೆಗಳು ಕಡಿಮೆಯೇನಲ್ಲ. ಮೂವತ್ತನಾಲ್ಕು ವ್ಯಂಜನಗಳಿಗೆ ಸ್ವರಗಳು ಸೇರಿದರೆ ಗುಣಿತಾಕ್ಷರಗಳೇ ನಾಲ್ಕು ನೂರನ್ನು ದಾಟುತ್ತವೆ, ಅವುಗಳ ಮೇಲೆ ಒತ್ತಕ್ಷರಗಳು. ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಮೇಲಿನ ಹಿಡಿತ ಇಂಗ್ಲಿಷ್ ಮಕ್ಕಳಂತೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆಂದು ತೋರಿಸಿತು. ಹಾಗಾಗಿ ಮೂರನೇ ತರಗತಿಯಲ್ಲಿ ಕೆಲವು ಒತ್ತಕ್ಷರಗಳು ತಪ್ಪುವುದು ತಾನೇ ಡಿಸ್ಲೆಕ್ಸಿಯಾದ ಗುರುತಲ್ಲ. ಅದೇ ತರಗತಿಯ, ಅದೇ ಪಾಠ ಕೇಳಿದ ಮಕ್ಕಳಿಗೆ ಹೋಲಿಸಿದರೆ ಈ ಮಗು ಎಷ್ಟು ಹಿಂದಿದೆ, ಪ್ರತ್ಯೇಕವಾಗಿ ಕೂರಿಸಿ ಕಲಿಸಿದ ಮೇಲೂ ಆ ಅಂತರ ಉಳಿಯುತ್ತದೆಯೇ ಎಂಬುದು ಮುಖ್ಯ.

ಮಗುವಿನ ತಪ್ಪುಗಳನ್ನು ಬಿಡಿಸಿ ನೋಡುವುದನ್ನು ಕಲಿತರೆ ದಾರಿ ತಾನಾಗಿ ತೆರೆಯುತ್ತದೆ. ‘ಕುಸ್ತಿ’ ಎಂಬುದನ್ನು ‘ಕುಸಿತ’ ಎಂದು ಓದಿದ ಮಗು ಮನಬಂದಂತೆ ಊಹಿಸಿಲ್ಲ: ಕಣ್ಣಿಗೆ ಕಾಣುವಂತೆ ಗುಡಿಸು ಸಕಾರದ ಮೇಲಿದೆ, ತಕಾರ ಕೆಳಗಿದೆ, ಇಕಾರವನ್ನು ತಕಾರದ ಬಳಿಕ ಉಚ್ಚರಿಸಬೇಕೆಂಬ ನಿಯಮವನ್ನು ಅದಕ್ಕೆ ಯಾರೂ ಬಿಡಿಸಿ ಹೇಳಿಲ್ಲ. ‘ಕರ್ಣ’ ಎಂಬಲ್ಲಿ ಕಿವಿಗೆ ರಕಾರ ಮೊದಲು, ಕಣ್ಣಿಗೆ ಣಕಾರ ಮೊದಲು. ಅರ್ಕಾವೊತ್ತು ಬಹಳ ಮಕ್ಕಳನ್ನು ಎಡವಿಸುವುದು ಈ ಕಾರಣಕ್ಕೆ. ಪ, ಷ, ಫ. ವ, ಮ, ಯ. ದ, ಧ, ಥ. ರ, ಠ ಇವು ನೋಟದಲ್ಲಿ ಹತ್ತಿರದವು. ಹ್ರಸ್ವ ದೀರ್ಘಗಳ ಗೊಂದಲ ಮತ್ತೊಂದು ಬಗೆ. ಪ್ರತಿ ಬಗೆಯ ತಪ್ಪಿಗೂ ಬೇರೆಯದೇ ಅಭ್ಯಾಸ ಬೇಕಾಗುತ್ತದೆ. ‘ತಪ್ಪನ್ನು ಹತ್ತು ಸಲ ಬರೆ’ ಎಂಬ ಒಂದೇ ಮದ್ದು ಇವುಗಳಲ್ಲಿ ಯಾವುದಕ್ಕೂ ತಾಗುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯುವ, ‘ಧನ’ವನ್ನು ‘ದನ’ ಎಂದು ಬರೆಯುವ ಮಗು ತನ್ನ ಮನೆಯ ಮಾತನ್ನು ನಿಷ್ಠೆಯಿಂದ ಬರೆದಿರಬಹುದು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ತುಳು ಆಡುವ ಮಗುವಿಗೆ ಪದಗಳೇ ಹೊಸವಾಗಿರಬಹುದು. ಇವನ್ನು ನ್ಯೂನತೆಯೆಂದು ಎಣಿಸುವುದು ಅನ್ಯಾಯ. ಹಾಗೆಯೇ ‘ಅವರ ಮನೆಮಾತು ಬೇರೆ’ ಎಂದು ತಳ್ಳಿಹಾಕಿ ನಿಜವಾದ ತೊಡಕನ್ನು ಕಾಣದಿರುವುದೂ ಅನ್ಯಾಯವೇ. ಮನೆಮಾತಿನಲ್ಲಿಯೇ ಕೆಲವು ಸಣ್ಣ ಆಟಗಳನ್ನು ಆಡಿಸಿ ನೋಡಿ: ‘ಕಮಲ’ದಲ್ಲಿ ‘ಮ’ ತೆಗೆದರೆ ಏನು ಉಳಿಯುತ್ತದೆ ಎಂಬಂಥವು. ಶಬ್ದವನ್ನು ಕಿವಿಯಲ್ಲಿ ಒಡೆಯುವುದು ಯಾವ ಭಾಷೆಯಲ್ಲೂ ಕಷ್ಟವಾಗುತ್ತಿದ್ದರೆ ಆ ಅಂಶವನ್ನು ಬರೆದಿಡಿ.

ಇದಕ್ಕೆ ನೆರವಾಗುವ ಸಾಧನಗಳು ಇವೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ‘ಡಾಲಿ’ ಎಂಬ ಹೆಸರಿನಲ್ಲಿ 2015ರಲ್ಲಿ ಹೊರತಂದ ಸಾಧನವು ಕನ್ನಡದಲ್ಲೂ ಇದೆ. ಒಂದು ಮತ್ತು ಎರಡನೇ ತರಗತಿಗೊಂದು, ಮೂರರಿಂದ ಐದನೇ ತರಗತಿಗೊಂದು ಎಂದು ಶಿಕ್ಷಕರೇ ತುಂಬಬಹುದಾದ ಎರಡು ತಪಾಸಣಾ ಪಟ್ಟಿಗಳು ಅದರಲ್ಲಿವೆ. ಎನ್‌ಸಿಇಆರ್‌ಟಿ 2022ರಲ್ಲಿ ತಂದ ‘ಪ್ರಶಸ್ತ್’ ಪಟ್ಟಿ ಎಲ್ಲ ಬಗೆಯ ಅಂಗವೈಕಲ್ಯಗಳಿಗೂ ಸಂಬಂಧಿಸಿದ್ದು. ಅದರ ಮೊದಲ ಭಾಗ ನಿಮ್ಮಂಥ ಶಿಕ್ಷಕರಿಗೆ, ಎರಡನೆಯದು ವಿಶೇಷ ಶಿಕ್ಷಕರಿಗೆ. ಪೂರ್ಣ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಳಿಸಬೇಕಾಗುತ್ತದೆ. ಅದಕ್ಕೂ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಆಗಿರಲಿ. ಪೋಷಕರೊಂದಿಗೆ ಮಾತಾಡುವಾಗ ಹುಡುಗನ ಬಾಯಿಲೆಕ್ಕದ ಜಾಣತನದಿಂದ ಮಾತು ತೆಗೆಯಿರಿ. ಓದಿನ ಸಂಗತಿ ಆಮೇಲೆ ಬರಲಿ.

ಪ್ರಶ್ನೆ: ನಮ್ಮ ಖಾಸಗಿ ಶಾಲೆಗೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ವಿಧಾನದ ತರಬೇತಿ ಕೊಡುತ್ತೇವೆಂದು ಒಬ್ಬರು ಮುಂದೆ ಬಂದಿದ್ದಾರೆ. ಶುಲ್ಕ ದುಬಾರಿ. ನಮ್ಮ ಮಕ್ಕಳು ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಕಲಿಯುತ್ತಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಅಮೆರಿಕದ ನರರೋಗ ತಜ್ಞ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಅನ್ನಾ ಗಿಲ್ಲಿಂಗ್‌ಹ್ಯಾಮ್ ಅವರ 1930ರ ದಶಕದ ಕೆಲಸದಿಂದ ಬೆಳೆದ ಈ ವಿಧಾನದ ತತ್ವಗಳು ಯಾವ ಭಾಷೆಗೂ ಸಲ್ಲುತ್ತವೆ. ಯಾವುದನ್ನೂ ಮಗು ತಾನೇ ಊಹಿಸಿಕೊಳ್ಳಲೆಂದು ಬಿಡದೆ ನೇರವಾಗಿ ಹೇಳಿಕೊಡುವುದು, ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಸಾಗುವುದು, ಕಲಿತದ್ದನ್ನು ಪ್ರತಿದಿನವೂ ಪುನರಾವರ್ತಿಸುವುದು, ನೋಡುತ್ತ, ಹೇಳುತ್ತ, ಬೆರಳಿನಿಂದ ತಿದ್ದುತ್ತ ಕಲಿಯುವುದು ಆ ತತ್ವಗಳು. ಆದರೆ ಅದರ ಪಾಠಕ್ರಮ ಮಾತ್ರ ಇಂಗ್ಲಿಷಿನ ಧ್ವನಿ ಮತ್ತು ಕಾಗುಣಿತಗಳಿಗಾಗಿ ಹೊಸೆದದ್ದು. ಇಂಗ್ಲಿಷ್ ಪಾಠಕ್ಕೆ ಅದು ನಿಜವಾಗಿಯೂ ಉಪಯುಕ್ತ, ಏಕೆಂದರೆ ಕನ್ನಡವನ್ನು ನಿಧಾನವಾಗಿಯಾದರೂ ಸರಿಯಾಗಿ ಓದುವ ಮಗು ಇಂಗ್ಲಿಷಿನಲ್ಲಿ ಪೂರ್ತಿ ಕುಸಿಯುವುದುಂಟು. ಕನ್ನಡ ಶಿಕ್ಷಕರನ್ನು ಅದೇ ಕೊಠಡಿಯಲ್ಲಿ ಕೂರಿಸಿ ಅದೇ ಹಾಳೆಗಳನ್ನು ಕೊಟ್ಟರೆ ಮಾತ್ರ ಹಣ ವ್ಯರ್ಥ.

ಕನ್ನಡಕ್ಕೆ ಬೇಕಾದ ಬುನಾದಿ ನಮ್ಮಲ್ಲೇ ಇದೆ. ವರ್ಣಮಾಲೆಯ ಅ, ಆ, ಇ, ಈ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ದಿಂದ ಆರಂಭಿಸುವ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ ಬಹುಕಾಲದಿಂದ ಪರಿಚಿತ. ಐದೇ ಅಕ್ಷರ ಕಲಿತ ಕೂಡಲೇ ಮಗು ‘ಅರಸ’, ‘ಅಗಸ’, ‘ಸರ’, ‘ದಸರ’ ಎಂದು ನಿಜವಾದ ಪದಗಳನ್ನು ಓದುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗಾಗಿ ಇದನ್ನೇ ಸ್ವಲ್ಪ ಬದಲಿಸಬೇಕು: ‘ಜ, ವ, ಮ, ಬ, ನ’ ಗುಂಪಿನಲ್ಲಿ ಒಂದರ ಪಕ್ಕ ಒಂದು ಬರುವ ವಕಾರ ಮಕಾರಗಳ ನಡುವೆ ಕೆಲವು ವಾರ ಅಂತರ ಬಿಡಬೇಕು, ಗುಣಿತವನ್ನು ‘ಕ ಕಾ ಕಿ ಕೀ’ ಎಂದು ಕಂಠಪಾಠ ಮಾಡಿಸುವುದಕ್ಕಿಂತ ಒಂದೊಂದೇ ಸ್ವರಚಿಹ್ನೆಯನ್ನು ಪರಿಚಿತ ಅಕ್ಷರಗಳೆಲ್ಲಕ್ಕೂ ಹಚ್ಚಿ ಓದಿಸಬೇಕು, ಒತ್ತಕ್ಷರಗಳಲ್ಲಿ ‘ಅಕ್ಕ’, ‘ಅಣ್ಣ’ದಂಥ ಸಜಾತಿಯವು ಭದ್ರವಾದ ಮೇಲೆಯೇ ‘ಕುಸ್ತಿ’ಯಂಥವಕ್ಕೆ ಹೋಗಬೇಕು. ಇಂಥ ಕ್ರಮವನ್ನು ನಿಮ್ಮ ಶಿಕ್ಷಕರಿಂದಲೇ ಕಟ್ಟಿಸುವ ತರಬೇತಿ ಸಿಕ್ಕರೆ ಅದಕ್ಕೆ ಹಣ ಕೊಡಿ.

ಪ್ರಶ್ನೆ: ತರಬೇತಿಯಲ್ಲಿ ಹೇಳುವುದೆಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿಕಲಿಯಲ್ಲಿ ಮೂರು ತರಗತಿಗಳನ್ನು ಒಬ್ಬನೇ ನೋಡಿಕೊಳ್ಳುವ ನಾನು ಒಂದು ಮಗುವಿಗಾಗಿ ಎಷ್ಟು ಸಮಯ ಎತ್ತಿಡಲಿ? ಬಿಐಇಆರ್‌ಟಿ ಎಂಬ, ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಬರುವುದೂ ಅಪರೂಪ.

ಉತ್ತರ: ನಿಮ್ಮ ದೂರು ನ್ಯಾಯವಾದದ್ದು, ಅದನ್ನು ಕಡೆಗಣಿಸಿ ರೂಪಿಸಿದ ಯಾವ ತರಬೇತಿಯೂ ಪ್ರಾಮಾಣಿಕವಲ್ಲ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಮುಂದಿಟ್ಟಿತು. ಒಂದು ಬ್ಲಾಕಿನ ಶಾಲೆಗಳನ್ನೆಲ್ಲ ಬೆರಳೆಣಿಕೆಯ ಬಿಐಇಆರ್‌ಟಿಗಳು ಸುತ್ತುವ ವ್ಯವಸ್ಥೆಗೂ ಅದಕ್ಕೂ ಬಹಳ ದೂರ. ಶಿಕ್ಷಕರ ಕೊರತೆಯನ್ನು ತರಬೇತಿಯಿಂದ ತುಂಬಲು ಬಾರದು. ಇದನ್ನು ನಾವೆಲ್ಲ ಇಲಾಖೆಗೆ ಹೇಳುತ್ತಲೇ ಇರಬೇಕು.

ಆದರೂ ಇಂದಿನ ಸ್ಥಿತಿಯಲ್ಲಿ ಮಾಡಬಹುದಾದದ್ದು ಇದೆ, ಮತ್ತು ನಲಿಕಲಿ ಅದಕ್ಕೆ ಅಡ್ಡಿಯಾಗದೆ ಅನುಕೂಲವೇ ಆಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಈ ಪದ್ಧತಿಯ ಮೂಲ ಆಶಯವೇ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕೆಂಬುದು. ಓದಲು ಕಷ್ಟಪಡುವ ನಾಲ್ಕೈದು ಮಕ್ಕಳು ಶಿಕ್ಷಕರ ಪೂರ್ಣ ನೆರವಿನ ತಟ್ಟೆಯಲ್ಲಿ (ಶಿಕ್ಷಕರೇ ಜೊತೆಗೆ ಕೂತು ಕಲಿಸುವ ಗುಂಪಿನಲ್ಲಿ) ಒಟ್ಟಿಗೆ ಇರುವಂತೆ ನೋಡಿಕೊಂಡು, ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ ಅವರಿಗೆ ಕೊಡಿ. ಮೊದಲಿಗೆ ನಿನ್ನೆಯ ಅಕ್ಷರಗಳ ಮಿಂಚುಪಟ್ಟಿ (ಫ್ಲ್ಯಾಷ್ ಕಾರ್ಡ್), ಆಮೇಲೆ ಶಬ್ದ ಒಡೆಯುವ ಬಾಯಾಟ, ಒಂದೇ ಹೊಸ ಅಂಶ, ಅದನ್ನು ಮರಳಿನಲ್ಲೋ ಬಳಪದಿಂದ ನೆಲದ ಮೇಲೋ ದೊಡ್ಡದಾಗಿ ಬರೆಯುತ್ತ ಗಟ್ಟಿಯಾಗಿ ಹೇಳುವುದು, ಕೊನೆಗೆ ಆ ಅಂಶವಿರುವ ಎರಡು ವಾಕ್ಯಗಳ ಓದು. ತಿಂಗಳಿಗೊಮ್ಮೆ ಎರಡು ಗಂಟೆ ಕೊಡುವುದಕ್ಕಿಂತ ದಿನಾಲೂ ಇಷ್ಟು ಕೊಡುವುದು ಮಗುವಿಗೆ ಹೆಚ್ಚು ದಕ್ಕುತ್ತದೆ. ಗುಂಪಿನಲ್ಲಿರುವ ಎಲ್ಲರಿಗೂ ಡಿಸ್ಲೆಕ್ಸಿಯಾ ಇರಬೇಕೆಂದೇನೂ ಇಲ್ಲ. ಶಾಲೆ ತಪ್ಪಿಸಿ ಹಿಂದುಳಿದವರೂ ಇದರಿಂದ ಬೇಗ ಮೇಲೆ ಬರುತ್ತಾರೆ, ಆಗ ಉಳಿಯುವ ಮಗುವಿನ ತೊಡಕು ಎಷ್ಟು ಆಳದ್ದೆಂದು ನಿಮಗೇ ತಿಳಿಯುತ್ತದೆ.

ತರಬೇತಿ ರೂಪಿಸುವವರಿಗೆ ನನ್ನ ಮನವಿಯೊಂದಿದೆ. ಬಿಐಇಆರ್‌ಟಿಗಳಿಗೆ ಒಂದು ತರಬೇತಿ, ಶಿಕ್ಷಕರಿಗೆ ಇನ್ನೊಂದು ಎಂದು ಬೇರೆ ಮಾಡಬೇಡಿ. ಇಬ್ಬರೂ ಒಂದೇ ಮಗುವಿನ ಪುಸ್ತಕವನ್ನು ಮುಂದಿಟ್ಟುಕೊಂಡು ಮುಂದಿನ ಆರು ವಾರಗಳಿಗೆ ಏನು ಮಾಡಬೇಕೆಂದು ಒಟ್ಟಿಗೆ ಬರೆದರೆ, ಅಪರೂಪದ ಭೇಟಿಯೂ ಸಾರ್ಥಕವಾಗುತ್ತದೆ.

ಪ್ರಶ್ನೆ: ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆಂದು ಹೇಳುವ ಕಾರ್ಯಾಗಾರಕ್ಕೆ ನಮ್ಮ ಶಾಲೆಯ ಶಿಕ್ಷಕರನ್ನು ಕಳಿಸುತ್ತಿದ್ದಾರೆ. ಪೋಷಕನಾಗಿ ನಾನು ಏನು ಹೇಳಲಿ?

ಉತ್ತರ: ಬೇಡವೆಂದು ಹೇಳಿ. ಡಿಸ್ಲೆಕ್ಸಿಯಾದ ಬೇರು ಭಾಷೆಯ ಧ್ವನಿಗಳನ್ನು ಗ್ರಹಿಸುವುದರಲ್ಲಿ ಇದೆ, ಕಣ್ಣಿನಲ್ಲಿ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲಿಯೇ ಜಂಟಿ ಹೇಳಿಕೆ ಕೊಟ್ಟು, ಬಣ್ಣದ ಮಸೂರಗಳಿಗೂ ಕಣ್ಣಿನ ತರಬೇತಿಗೂ ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟಪಡಿಸಿವೆ. ಮಗುವಿಗೆ ದೃಷ್ಟಿದೋಷವಿದ್ದರೆ ಸಾಧಾರಣ ಕನ್ನಡಕ ಕೊಡಿಸಬೇಕು, ಅದು ಬೇರೆ ಮಾತು. ಆ ಕಾರ್ಯಾಗಾರದ ಸಮಯ ಮತ್ತು ಹಣ ಓದು ಕಲಿಸುವ ತರಬೇತಿಗೆ ಹೋಗಲಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಓದು ಬರಹ ಕಲಿಸುವುದು ಪ್ರಾಥಮಿಕ ಶಾಲೆಯ ಕೆಲಸವಲ್ಲವೇ? ನಮಗೂ ಈ ತರಬೇತಿ ಏಕೆ?

ಉತ್ತರ: ಓದಿನ ವೇಗ ಕಡಿಮೆಯಿರುವ ಮಗು ಪ್ರೌಢಶಾಲೆಗೆ ಬರುವ ಹೊತ್ತಿಗೆ ಪಾಠಗಳು ಉದ್ದವಾಗಿರುತ್ತವೆ, ‘ಸಾರ್ವಭೌಮತ್ವ’, ‘ಜಾತ್ಯತೀತತೆ’ಯಂಥ ಪದಗಳು ಸಾಲುಸಾಲಾಗಿ ಬರುತ್ತವೆ, ಮತ್ತು ಆ ವಯಸ್ಸಿಗೆ ನಾಚಿಕೆ ಬೆಳೆದಿರುವುದರಿಂದ ಮಗು ತನ್ನ ಕಷ್ಟವನ್ನು ತಂಟೆಯ ಹಿಂದೆಯೋ ಮೌನದ ಹಿಂದೆಯೋ ಮುಚ್ಚಿಡುತ್ತದೆ. ನೀವು ಅಕ್ಷರ ಕಲಿಸಬೇಕಿಲ್ಲ. ಕರೆದು ಎಲ್ಲರೆದುರು ಓದಿಸದಿರುವುದು, ಪಾಠಕ್ಕೆ ಮೊದಲು ಕಠಿಣ ಪದಗಳನ್ನು ಒಡೆದು ಬೋರ್ಡಿನ ಮೇಲೆ ಬರೆದು ಎಲ್ಲರಿಂದ ಹೇಳಿಸುವುದು, ಘಟಕ ಪರೀಕ್ಷೆಯಲ್ಲಿ ಕೆಲವು ಉತ್ತರಗಳನ್ನು ಬಾಯಲ್ಲಿ ಕೇಳುವುದು, ವಿಷಯ ತಿಳಿದಿದೆಯೆಂದು ಖಚಿತವಾದಾಗ ಕಾಗುಣಿತಕ್ಕೆ ಅಂಕ ಕಳೆಯದಿರುವುದು ನಿಮ್ಮ ಕೈಯಲ್ಲಿದೆ. ಪ್ರೌಢಶಾಲಾ ಶಿಕ್ಷಕರ ತರಬೇತಿ ಆಯಾ ವಿಷಯದ ಒಂದು ಪಾಠವನ್ನೇ ಎತ್ತಿಕೊಂಡು ಇದನ್ನೆಲ್ಲ ಮಾಡಿ ತೋರಿಸಬೇಕು.

ಕಾನೂನಿನ ತಿಳಿವಳಿಕೆಯೂ ಆ ತರಬೇತಿಯ ಭಾಗವಾಗಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಪಟ್ಟಿಮಾಡಿದ 21 ಬಗೆಗಳಲ್ಲಿ, ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ 16ನೇ ಪ್ರಕರಣದ ಪ್ರಕಾರ ಇಂಥ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಿಕ್ಷಣ ಸಂಸ್ಥೆಯ ಕರ್ತವ್ಯ. 17ನೇ ಪ್ರಕರಣ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯಂಥ ಮಾರ್ಪಾಡುಗಳನ್ನು ಹೆಸರಿಸುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ರಿಯಾಯಿತಿಗಳಿಗೆ ಪ್ರಮಾಣಪತ್ರ ಬೇಕಾಗುವುದರಿಂದ, ಎಂಟನೇ ತರಗತಿಯಲ್ಲೇ ಗಮನಿಸಿ ಕಳಿಸಿದರೆ ಮಾತ್ರ ಪರೀಕ್ಷೆಯ ಹೊತ್ತಿಗೆ ಕಾಗದಪತ್ರಗಳು ಸಿದ್ಧವಾಗುತ್ತವೆ. ಹತ್ತನೇ ತರಗತಿಯ ಜನವರಿಯಲ್ಲಿ ಎಚ್ಚೆತ್ತರೆ ಮಗು ಬರಿಗೈಯಲ್ಲಿ ಪರೀಕ್ಷೆಗೆ ಕೂರಬೇಕಾಗುತ್ತದೆ. ಬರಹಗಾರರ ನೆರವು ಸಿಕ್ಕಿದರಷ್ಟೇ ಸಾಲದು; ಉತ್ತರವನ್ನು ಬಾಯಲ್ಲಿ ಕ್ರಮವಾಗಿ ಹೇಳುವ ಅಭ್ಯಾಸವನ್ನು ಒಂಬತ್ತನೇ ತರಗತಿಯಿಂದಲೇ ಮಾಡಿಸಬೇಕು.

ಪ್ರಶ್ನೆ: ಬಿ.ಇಡಿ. ಕಾಲೇಜಿನಲ್ಲಿಯೇ ಇದನ್ನೆಲ್ಲ ಕಲಿಸಲು ಸಾಧ್ಯವಿಲ್ಲವೇ?

ಉತ್ತರ: ಸಾಧ್ಯ, ಅದಕ್ಕೆ ಜಾಗವೂ ಇದೆ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಹೊರತಂದ 2014ರ ನಿಯಮಗಳ ಬಳಿಕ ಎರಡು ವರ್ಷದ್ದಾದ ಬಿ.ಇಡಿ.ಯಲ್ಲಿ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆಯನ್ನು ಕಟ್ಟುವ ಕುರಿತ ಪತ್ರಿಕೆ ಸೇರಿತು, ಶಾಲಾ ಅನುಭವಕ್ಕೆ 20 ವಾರಗಳೂ ದೊರೆತವು. ಇವೆರಡೂ ಒಂದಕ್ಕೊಂದು ಮುಟ್ಟದೆ ಇರುವುದೇ ತೊಂದರೆ. ಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಎಲ್ಲ ಅಂಗವೈಕಲ್ಯಗಳ ಲಕ್ಷಣಗಳನ್ನು ಕಂಠಪಾಠ ಮಾಡುತ್ತಾರೆ, ಶಾಲೆಗೆ ಹೋದಾಗ ಪಾಠಯೋಜನೆಯ ದಾಖಲೆ ಬರೆಯುತ್ತಾರೆ. ಪ್ರತಿ ವಿದ್ಯಾರ್ಥಿಯೂ ಶಾಲಾ ಅನುಭವದ ಅವಧಿಯಲ್ಲಿ ಓದಲು ಕಷ್ಟಪಡುವ ಒಂದು ಮಗುವಿನೊಂದಿಗೆ ಎಂಟು ಹತ್ತು ವಾರ ಕುಳಿತು ಕಲಿಸಿ, ಆ ಮಗುವಿನ ಓದು ಹೇಗೆ ಬದಲಾಯಿತೆಂದು ಬರೆದ ವರದಿಗೆ ಆಂತರಿಕ ಅಂಕ ಕೊಡುವುದು ಕಾಲೇಜಿನ ಕೈಯಲ್ಲೇ ಇದೆ. ಡಿ.ಇಡಿ. ಓದುವವರಿಗೆ ಇದು ಇನ್ನೂ ಅಗತ್ಯ, ಏಕೆಂದರೆ ಮೊದಲ ಅಕ್ಷರ ಕಲಿಸುವವರು ಅವರು.

ಪ್ರಶ್ನೆ: ತರಬೇತಿ ಫಲ ಕೊಟ್ಟಿದೆಯೇ ಎಂದು ಅಳೆಯುವುದು ಹೇಗೆ? ನಮ್ಮಲ್ಲಿ ಕೊನೆಯ ದಿನ ಅಭಿಪ್ರಾಯದ ಹಾಳೆ ತುಂಬಿಸಿಕೊಳ್ಳುತ್ತೇವೆ.

ಉತ್ತರ: ಆ ಹಾಳೆಯಿಂದ ಊಟ ಹೇಗಿತ್ತು, ಉಪನ್ಯಾಸ ಹಿಡಿಸಿತೇ ಎಂಬುದು ತಿಳಿಯುತ್ತದೆ, ಮಗು ಓದಲು ಕಲಿಯಿತೇ ಎಂಬುದು ತಿಳಿಯುವುದಿಲ್ಲ. ತರಬೇತಿ ಮುಗಿದ ದಿನ ಶಿಕ್ಷಕರಿಗೆ ಮಗುವಿನ ಓದಿನ ಹೊಸ ಧ್ವನಿಮುದ್ರಣವೊಂದನ್ನು ಕೊಟ್ಟು, ತಪ್ಪುಗಳನ್ನು ಬಗೆ ಬಗೆಯಾಗಿ ವಿಂಗಡಿಸಿ ನಾಳೆ ಏನು ಕಲಿಸುತ್ತೀರಿ ಎಂದು ಬರೆಸಿ. ಅದು ಮೊದಲ ಅಳತೆ. ಎರಡನೆಯದು ಶಾಲೆಯಲ್ಲಿ ಆಗಬೇಕು: ಹದಿನೈದು ನಿಮಿಷದ ಗುಂಪು ನಿಜವಾಗಿ ನಡೆಯುತ್ತಿದೆಯೇ ಎಂದು ಸಿಆರ್‌ಪಿ ನೋಡಿ ಬರಲಿ, ನಡೆಯದಿದ್ದರೆ ಏಕೆಂದು ಕೇಳಲಿ, ಆದರೆ ತಪ್ಪು ಹುಡುಕುವ ತಪಾಸಣೆಯಂತೆ ಅಲ್ಲ. ಮೂರನೆಯದು ಮಕ್ಕಳದು. ಆಯ್ದ ಮಕ್ಕಳು ಪರಿಚಯವಿಲ್ಲದ, ಆದರೆ ತಮ್ಮ ಮಟ್ಟದ ಭಾಗವೊಂದನ್ನು ಒಂದು ನಿಮಿಷದಲ್ಲಿ ಎಷ್ಟು ಪದಗಳಷ್ಟು ಸರಿಯಾಗಿ ಓದುತ್ತಾರೆಂದು ಜುಲೈ, ಅಕ್ಟೋಬರ್ ಮತ್ತು ಫೆಬ್ರುವರಿಯಲ್ಲಿ ದಾಖಲಿಸಿ, ಪ್ರತಿ ಮಗುವನ್ನೂ ಅದರದೇ ಹಿಂದಿನ ಓದಿಗೆ ಹೋಲಿಸಿ. ಮಗು ಗಡಿಬಿಡಿ ಮಾಡದಂತೆ ಗಡಿಯಾರ ಅದರ ಕಣ್ಣಿಗೆ ಬೀಳದಿರಲಿ, ಮತ್ತು ಆ ಅಂಕಿಗಳು ಶಿಕ್ಷಕರ ಕಾರ್ಯನಿರ್ವಹಣಾ ವರದಿಗೆ ಸೇರುವುದಿಲ್ಲವೆಂದು ಮೊದಲೇ ಲಿಖಿತವಾಗಿ ತಿಳಿಸಿ. ಇಲ್ಲವಾದರೆ ನಿಮಗೆ ಸಿಗುವುದು ನಿಜವಾದ ಅಂಕಿಗಳಾಗಿರುವುದಿಲ್ಲ.